ಬಿಳಿಯ ಹೊದಿಕೆಯ ಜೋಡಿ ರಿಕಾರ್ಡು: ಒಂದು ಕೃತಿ, ಹಲವು ತೀರ್ಪು

ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡಿರುವ ವಿಷಯವನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಕನ್ನಡ ವಾಚನಾಲಯದ ಪತ್ರಿಕೆಗೂ ಇಂಗ್ಲೆಂಡಿನ ಬೀಟಲ್ಸ್ ಮೇಳದವರ ಗ್ರಾಮಫೋನು ತಟ್ಟೆಗಳಿಗೂ ಎಲ್ಲಿಯ ನಂಟು ಎಂದು ಕೇಳಬಹುದು. ನಂಟು ಇದೆ. ಮಂಜಲ್‌ಪುರದ ಆಸುಪಾಸಿನಲ್ಲಿ ನೆಲೆಸಿ ಮಕರಪುರದ ಕಾರ್ಖಾನೆಗಳಲ್ಲಿಯೂ ಊರಿನ ಕಚೇರಿ, ಬ್ಯಾಂಕುಗಳಲ್ಲಿಯೂ ದುಡಿಯುವ ನಮ್ಮವರಿಗೆ ವಾರಕ್ಕೆ ಸಿಗುವ ಬಿಡುವು ಒಂದು ದಿನ. ಆ ದಿನದ ಅರ್ಧ ಭಾಗ ಬಟ್ಟೆ ಒಗೆಯುವುದರಲ್ಲಿ, ಸಂತೆಯಲ್ಲಿ, ಊರಿಗೆ ಫೋನು ಮಾಡುವುದರಲ್ಲಿ ತೀರಿಹೋಗುತ್ತದೆ. ಉಳಿದ ಹೊತ್ತಿನಲ್ಲಿ ಯಾವ ಚಿತ್ರ ನೋಡಬೇಕು, ಯಾವ ಪುಸ್ತಕ ಓದಬೇಕು, ಯಾವ ಹಾಡು ಕೇಳಬೇಕು ಎಂಬುದನ್ನು ನಾವು ಬಹುಮಟ್ಟಿಗೆ ಇನ್ನೊಬ್ಬರ ಮಾತಿನ ಮೇಲೆಯೇ ನಿರ್ಧರಿಸುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಹೊತ್ತೂ ದುಡ್ಡೂ ಕಡಮೆ ಇರುವವನು ವಿಚಾರಿಸಿಯೇ ಹೆಜ್ಜೆ ಇಡಬೇಕು. ಆದರೆ ವಿಮರ್ಶೆಯನ್ನು ಓದುವುದು ಹೇಗೆ ಎಂಬುದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಬಲ್ಲವರೆನಿಸಿಕೊಂಡವರು ಒಂದೇ ವಸ್ತುವನ್ನು ಒಂದೇ ತಿಂಗಳಲ್ಲಿ ಕೇಳಿ, ಒಬ್ಬರು ಆಕಾಶಕ್ಕೇರಿಸಿ ಇನ್ನೊಬ್ಬರು ಪಾತಾಳಕ್ಕೆ ತಳ್ಳಿದ ಪ್ರಸಂಗವೊಂದನ್ನು ಹಿಡಿದು ನೋಡಿದರೆ ಈ ವಿದ್ಯೆ ಸ್ವಲ್ಪ ಕೈಗೆ ಹತ್ತೀತು. 1968ರ ನವೆಂಬರ್ 22ರಂದು ಹೊರಬಂದ, ಜನರು ‘ವೈಟ್ ಆಲ್ಬಮ್’ ಎಂದು ಕರೆಯುವ ಜೋಡಿ ರಿಕಾರ್ಡಿನದು ಅಂಥ ಪ್ರಸಂಗ. ಆ ಸಂಗೀತದ ಪರಿಚಯವಿಲ್ಲದವರೂ ಈ ಪಾಠವನ್ನು ನಿರಾತಂಕವಾಗಿ ಓದಬಹುದು.

ಮೊದಲು ಆ ನಾಲ್ವರ ಪರಿಚಯ. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಇವರು ಲಿವರ್‌ಪೂಲ್ ಎಂಬ ಬಂದರಿನ ಹುಡುಗರು. ದೊಡ್ಡ ಮನೆತನದವರಲ್ಲ. ಲೆನನ್ನನ ತಂದೆ ಹಡಗಿನ ಕೆಲಸಗಾರ, ಹ್ಯಾರಿಸನ್ನನ ತಂದೆ ಬಸ್ಸಿನ ಚಾಲಕ, ಮೆಕಾರ್ಟ್ನಿಯ ತಂದೆ ಹತ್ತಿಯ ವ್ಯಾಪಾರದ ಮಳಿಗೆಯೊಂದರಲ್ಲಿ ಸಂಬಳದ ಮಾರಾಟಗಾರ. ಗುಜರಾತಿನಲ್ಲಿರುವ ನಮಗೆ ಹತ್ತಿಯ ವಹಿವಾಟಿನ ಗುಮಾಸ್ತನ ಮನೆಯೆಂದರೆ ಬೇರೆ ವರ್ಣನೆ ಬೇಕಿಲ್ಲ. ರಿಂಗೋ ಬಾಲ್ಯದ ಬಹುಕಾಲವನ್ನು ಆಸ್ಪತ್ರೆಯಲ್ಲಿ ಕಳೆದು, ಓದು ಅರ್ಧಕ್ಕೆ ನಿಂತು, ರೈಲ್ವೆಯಲ್ಲಿ ಕೆಲದಿನ ಓಲೆಕಾರನಾಗಿ, ಆಮೇಲೆ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸನಾಗಿ ಇದ್ದವನು. ಇಂಥವರು 1963ರ ಹೊತ್ತಿಗೆ ಇಂಗ್ಲೆಂಡನ್ನೂ 1964ರಲ್ಲಿ ಅಮೆರಿಕವನ್ನೂ ಗೆದ್ದರು. ಗಿಟಾರು, ಡ್ರಮ್ಮು, ಕೊರಳು ಇಷ್ಟನ್ನೇ ನೆಚ್ಚಿ ಹುಟ್ಟಿದ ರಾಕ್ ಸಂಗೀತ ಅಲ್ಲಿಯ ತನಕ ಹರೆಯದವರ ಕುಣಿತದ ಸರಕಾಗಿತ್ತು. ಅದನ್ನು ಕುಳಿತು ಕೇಳಬಹುದು, ಅದರ ಬಗ್ಗೆ ವಾದಿಸಬಹುದು ಎನ್ನುವಂತಾದುದು ಇವರಿಂದಲೂ ಇವರ ಸಮಕಾಲೀನರಿಂದಲೂ.

1967ರಲ್ಲಿ ಇವರ ‘ಸಾರ್ಜೆಂಟ್ ಪೆಪ್ಪರ್’ ಎಂಬ ರಿಕಾರ್ಡು ಬಂದಿತು. ಹೊದಿಕೆಯ ಮೇಲೆ ಬಣ್ಣಬಣ್ಣದ ಜಾತ್ರೆ, ಒಳಗೆ ವಾದ್ಯವೃಂದ, ಸ್ಟುಡಿಯೋದ ನಾನಾ ಚಮತ್ಕಾರ. ರಾಕ್ ಸಂಗೀತಕ್ಕೆ ಕಲೆಯ ಪಟ್ಟ ಸಿಕ್ಕಿತೆಂದು ಬಹಳ ಮಂದಿ ಬರೆದರು. ಅದೇ ವರ್ಷ ಆಗಸ್ಟಿನಲ್ಲಿ ಇವರ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಬ್ರಯನ್ ಎಪ್‌ಸ್ಟೀನ್ ತೀರಿಕೊಂಡರು. ಡಿಸೆಂಬರಿನಲ್ಲಿ ತಾವೇ ತೆಗೆದ ಟೆಲಿವಿಷನ್ ಚಿತ್ರವೊಂದನ್ನು ಪತ್ರಿಕೆಗಳು ಹರಿದು ಹಾಕಿದುವು. ಇದನ್ನು ನೆನಪಿಡಬೇಕು, ಏಕೆಂದರೆ 1968ರ ವಿಮರ್ಶಕನು ಹೊಸ ತಟ್ಟೆಯನ್ನು ಕೇಳಲು ಕುಳಿತಾಗ ಅವನ ಕಿವಿಯಲ್ಲಿ ಹಳೆಯ ತಟ್ಟೆ ಇನ್ನೂ ತಿರುಗುತ್ತಿತ್ತು.

ಈ ಹಾಡುಗಳಲ್ಲಿ ಬಹುಪಾಲು ಹುಟ್ಟಿದುದು ನಮ್ಮ ದೇಶದಲ್ಲಿ. 1968ರ ಫೆಬ್ರವರಿಯಲ್ಲಿ ನಾಲ್ವರೂ ಋಷಿಕೇಶಕ್ಕೆ ಬಂದು ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ತಂಗಿದರು. ರಿಂಗೋ ಹತ್ತು ಹನ್ನೆರಡು ದಿನಕ್ಕೇ ಹಿಂತಿರುಗಿದ, ಮೆಕಾರ್ಟ್ನಿ ಐದಾರು ವಾರಕ್ಕೆ, ಉಳಿದಿಬ್ಬರು ಏಪ್ರಿಲಿನಲ್ಲಿ, ಅದೂ ಮನಸ್ಸು ಕೆಟ್ಟು. ಕೈಯಲ್ಲಿದ್ದುದು ಸಾದಾ ಮರದ ಗಿಟಾರು, ಹಗಲೆಲ್ಲ ಬಿಡುವು. ಹಾಡುಗಳು ರಾಶಿಯಾಗಿ ಬಂದುವು. ಧ್ಯಾನಕ್ಕೆ ಕುಳಿತು ಕೋಣೆ ಬಿಟ್ಟು ಹೊರಬರಲೊಲ್ಲದ ಪ್ರೂಡೆನ್ಸ್ ಫ್ಯಾರೋ ಎಂಬ ಸಹಪಾಠಿಯನ್ನು ಕರೆಯುವ ಹಾಡು ಒಂದು. ಆಶ್ರಮದಲ್ಲಿದ್ದುಕೊಂಡೇ ಹುಲಿ ಬೇಟೆಗೆ ಹೋಗಿಬಂದ ಅಮೆರಿಕದ ತರುಣನನ್ನು ಗೇಲಿ ಮಾಡುವುದು ಇನ್ನೊಂದು. ಮಹರ್ಷಿಗಳ ಮೇಲಣ ಕೋಪವನ್ನು ಹೆಣ್ಣಿನ ಹೆಸರಿನಡಿ ಮರೆಮಾಡಿದುದು ಮತ್ತೊಂದು. ಸೋಜಿಗವೆಂದರೆ, ಭಾರತದಲ್ಲಿ ಕಟ್ಟಿದ ಈ ಹಾಡುಗಳಲ್ಲಿ ಸಿತಾರಿನ ದನಿ ಇಲ್ಲ. ಇಂಗ್ಲೆಂಡಿನಲ್ಲಿದ್ದಾಗ ಸಿತಾರನ್ನು ಹಂಬಲಿಸಿದವರು ಗಂಗೆಯ ದಡಕ್ಕೆ ಬಂದು ತಮ್ಮ ಗಿಟಾರಿಗೇ ಮರಳಿದರು. ಹೊರನಾಡಿಗೆ ಬಂದ ಮೇಲೆ ಊರಿನ ಪದಗಳೇ ಬಾಯಿಗೆ ಬರುವುದನ್ನು ನಾವೂ ಬಲ್ಲೆವು. ಆ ಆಶ್ರಮ ಪಾಳುಬಿದ್ದು ಅರಣ್ಯ ಇಲಾಖೆಯ ವಶಕ್ಕೆ ಹೋಗಿ, 2015ರಿಂದ ‘ಚೌರಾಸಿ ಕುಟಿಯಾ’ ಎಂಬ ಹೆಸರಿನಲ್ಲಿ ಪ್ರವಾಸಿಗಳಿಗೆ ತೆರೆದಿದೆ. ಹರಿದ್ವಾರದ ಯಾತ್ರೆಗೆ ಹೋಗುವ ನಮ್ಮವರು ಬೇಕಾದರೆ ಒಂದು ಗಳಿಗೆ ಇಣಿಕಿ ಬರಬಹುದು.

ಧ್ವನಿಮುದ್ರಣ ಲಂಡನ್ನಿನಲ್ಲಿ, ಬಹುಪಾಲು ಇ.ಎಂ.ಐ. ಕಂಪನಿಯ ಸ್ಟುಡಿಯೋದಲ್ಲಿ, ಮೇ ಕೊನೆಯಿಂದ ಅಕ್ಟೋಬರ್ ನಡುವಿನ ತನಕ ನಡೆಯಿತು. ಅದು ಸುಖದ ಕಾಲವಲ್ಲ. ನಾಲ್ವರು ಒಮ್ಮೊಮ್ಮೆ ಬೇರೆ ಬೇರೆ ಕೋಣೆಗಳಲ್ಲಿ ತಮ್ಮ ತಮ್ಮ ಹಾಡನ್ನೇ ಹಿಡಿದು ಕುಳಿತಿರುತ್ತಿದ್ದರು. ಜುಲೈಯಲ್ಲಿ ಧ್ವನಿ ಎಂಜಿನಿಯರ್ ಜೆಫ್ ಎಮೆರಿಕ್ ಬೇಸತ್ತು ಕೆಲಸ ಬಿಟ್ಟರು. ಆಗಸ್ಟಿನಲ್ಲಿ ರಿಂಗೋನೇ ಎದ್ದು ಹೋದ, ಸುಮಾರು ಎರಡು ವಾರದ ಮೇಲೆ ಬಂದ. ಅವನಿಲ್ಲದಾಗ ಎರಡು ಹಾಡುಗಳಿಗೆ ಉಳಿದವರೇ ಡ್ರಮ್ಮು ಬಾರಿಸಿದರು. ಸೆಪ್ಟೆಂಬರಿನಲ್ಲಿ ಹ್ಯಾರಿಸನ್ ತನ್ನ ಹಾಡಿಗೆ ಹೊರಗಿನ ಗಿಟಾರುವಾದಕ ಎರಿಕ್ ಕ್ಲ್ಯಾಪ್ಟನ್ನನ್ನು ಕರೆತಂದ. ಅತಿಥಿ ಬಂದ ಮನೆಯಲ್ಲಿ ಜಗಳ ಅಡಗುವಂತೆ ಆ ದಿನ ಎಲ್ಲರೂ ನೆಟ್ಟಗೆ ನುಡಿಸಿದರಂತೆ.

ಕೊನೆಗೆ ಅಂಗಡಿಗೆ ಬಂದುದು ಎರಡು ತಟ್ಟೆ, ನಾಲ್ಕು ಮುಖ, ಮೂವತ್ತು ಹಾಡು, ಸುಮಾರು 93 ನಿಮಿಷ. ಹೊದಿಕೆಯನ್ನು ರಚಿಸಿದ ಕಲಾವಿದ ರಿಚರ್ಡ್ ಹ್ಯಾಮಿಲ್ಟನ್ ಅದನ್ನು ಅಪ್ಪಟ ಬಿಳಿಯಾಗಿಯೇ ಬಿಟ್ಟರು. ‘ದಿ ಬೀಟಲ್ಸ್’ ಎಂಬ ಹೆಸರೊಂದು ಉಬ್ಬಚ್ಚಿನಲ್ಲಿ, ಅದರ ಕೆಳಗೆ ಪ್ರತಿಯೊಂದು ಪ್ರತಿಗೂ ಕ್ರಮಸಂಖ್ಯೆ, ಪಡಿತರ ಚೀಟಿಗೆ ಇರುವಂತೆ. ಹಿಂದಿನ ವರ್ಷದ ಜಾತ್ರೆಯ ಹೊದಿಕೆಗೆ ಇದಕ್ಕಿಂತ ದೊಡ್ಡ ವಿರೋಧ ಬೇರೊಂದಿಲ್ಲ. (ಮೊತ್ತಮೊದಲ ಸಂಖ್ಯೆಯ ಪ್ರತಿ ರಿಂಗೋನ ಬಳಿ ಇದ್ದು, 2015ರ ಡಿಸೆಂಬರಿನಲ್ಲಿ 7,90,000 ಡಾಲರಿಗೆ ಹರಾಜಾಯಿತು. ಒಳಗಿನ ಹಾಡುಗಳೇನೋ ಉಳಿದ ಪ್ರತಿಗಳಲ್ಲಿ ಇದ್ದುವೇ.)

ಈಗ ತೀರ್ಪುಗಳಿಗೆ ಬರೋಣ.

ಲಂಡನ್ನಿನ ‘ದಿ ಅಬ್ಸರ್ವರ್’ ಪತ್ರಿಕೆಯಲ್ಲಿ ಟೋನಿ ಪಾಮರ್ ಎಂಬವರು, ಲೆನನ್ ಮತ್ತು ಮೆಕಾರ್ಟ್ನಿ ಷೂಬರ್ಟನ ತರುವಾಯದ ಅತ್ಯುತ್ತಮ ಗೀತಕಾರರು, ಇದರಲ್ಲಿ ಇನ್ನೂ ಸಂಶಯವಿದ್ದವರಿಗೆ ಈ ರಿಕಾರ್ಡೇ ಉತ್ತರ ಎಂಬರ್ಥದಲ್ಲಿ ಬರೆದರು. ಷೂಬರ್ಟ್ ಎಂದರೆ ಹತ್ತೊಂಬತ್ತನೆಯ ಶತಮಾನದ ವಿಯೆನ್ನಾದ ಮಹಾ ಸಂಗೀತಕಾರ. ನಮ್ಮಲ್ಲಿ ಸಿನಿಮಾ ಹಾಡು ಬರೆಯುವವನನ್ನು ಪುರಂದರದಾಸರ ಪಕ್ಕದಲ್ಲಿ ಕೂರಿಸಿದಷ್ಟು ದೊಡ್ಡ ಮಾತು ಅದು. ‘ದಿ ಟೈಮ್ಸ್’ ಪತ್ರಿಕೆಯ ಸಂಗೀತ ವಿಮರ್ಶಕ ವಿಲಿಯಂ ಮ್ಯಾನ್ ಹೆಚ್ಚು ಹಿಡಿತದ ಮನುಷ್ಯ. ಆ ವರ್ಷದ ಸಂಗೀತದಲ್ಲಿ ಇದೇ ಮುಖ್ಯ ಘಟನೆಯೆಂದು ಒಪ್ಪಿಕೊಂಡರೂ, ಅನುಕರಣೆಯ ಹಾಡುಗಳೂ ತಮ್ಮತಮ್ಮೊಳಗಿನ ನಗೆಮಾತುಗಳೂ ಅತಿಯಾಗಿವೆ, ಗೀತಕಾರರಾಗಿ ಇವರು ಮುಂದೆ ಹೆಜ್ಜೆ ಇಟ್ಟಿಲ್ಲ ಎಂದು ಆಕ್ಷೇಪಿಸಿದರು. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ವಾರಪತ್ರಿಕೆಯ ಅಲನ್ ಸ್ಮಿತ್ ‘ರೆವಲ್ಯೂಷನ್ 9’ ಎಂಬ ಒಂದನ್ನು ಆಡಂಬರವೆಂದು ಝಾಡಿಸಿ, ಉಳಿದುದಕ್ಕೆ ಮನಸಾರೆ ಹರಸಿದರು. ಅಮೆರಿಕದ ‘ಟೈಮ್’ ವಾರಪತ್ರಿಕೆ, ಈ ಮೇಳದವರ ಒಳ್ಳೆಯ ಗುಣ, ಕೆಟ್ಟ ಗುಣ ಎರಡೂ ಇಲ್ಲಿ ಒಟ್ಟಿಗೆ ಕಾಣುತ್ತವೆ ಎಂದಿತು.

ಎಲ್ಲಕ್ಕಿಂತ ಸ್ವಾರಸ್ಯವಾದುದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಕಥೆ. ಒಂದು ತಿಂಗಳೊಳಗೆ ಆ ಒಂದೇ ಪತ್ರಿಕೆಯಲ್ಲಿ ಮೂವರು ಬರೆದರು. ನವೆಂಬರ್ 21ರಂದು ಮೈಕ್ ಜಾನ್, ಇದು ಅಂಗಡಿಗಳಲ್ಲೂ ಔತಣಗಳಲ್ಲೂ ಹಿನ್ನೆಲೆಗೆ ಹಾಕಿಬಿಡುವ ಮಾದರಿಯ ಸಂಗೀತ ಎಂದು ಮೂಗು ಮುರಿದರು. ಡಿಸೆಂಬರ್ 8ರಂದು ರಿಚರ್ಡ್ ಗೋಲ್ಡ್‌ಸ್ಟೀನ್ ಇದು ದೊಡ್ಡ ಗೆಲುವೆಂದು ಬರೆದರು. ಡಿಸೆಂಬರ್ 15ರಂದು ನಿಕ್ ಕೋನ್, ಇದು ಹೇಳತೀರದಷ್ಟು ಬೇಸರ, ಅರ್ಧಕ್ಕಿಂತ ಹೆಚ್ಚು ಹಾಡುಗಳು ತೀರ ಸಾಧಾರಣ ಎಂದು ತಳ್ಳಿಹಾಕಿದರು. ಆ ಪತ್ರಿಕೆಯನ್ನು ಪ್ರಮಾಣವೆಂದು ನಂಬಿ ಎರಡು ತಟ್ಟೆಯ ಬೆಲೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಗುಮಾಸ್ತನೊಬ್ಬನು ಏನು ಮಾಡಬೇಕು? ಮೂವರಲ್ಲಿ ಇಬ್ಬರು ಬೇಡವೆಂದರು ಎಂದು ಲೆಕ್ಕ ಹಾಕಿ ಮನೆಗೆ ಹೋಗಬೇಕೆ? ತಲೆಯೆಣಿಕೆಯಿಂದ ಇಲ್ಲಿ ಏನೂ ತಿಳಿಯದು. ಅವರು ಯಾವ ಅಳತೆಗೋಲು ಹಿಡಿದಿದ್ದರು ಎಂಬುದನ್ನು ನೋಡಬೇಕು.

ಗೋಲ್ಡ್‌ಸ್ಟೀನರನ್ನು ತೆಗೆದುಕೊಳ್ಳಿ. ಇವರೇ 1967ರಲ್ಲಿ, ಲೋಕವೆಲ್ಲ ‘ಸಾರ್ಜೆಂಟ್ ಪೆಪ್ಪರ್’ ರಿಕಾರ್ಡನ್ನು ಹೊಗಳುತ್ತಿದ್ದಾಗ, ಅದು ಚಮತ್ಕಾರದ ಭಾರದಿಂದ ಕೆಟ್ಟಿದೆ ಎಂದು ಬರೆದು ಓದುಗರ ಸಿಟ್ಟಿಗೆ ಗುರಿಯಾದವರು. ಸ್ಟುಡಿಯೋದ ಕೈಚಳಕ ಕಡಮೆಯಾಗಿ ಹಾಡೇ ಮುಂದೆ ಬಂದುದನ್ನು ಅವರು 1968ರಲ್ಲಿ ಮೆಚ್ಚಿದರು. ಎರಡು ತೀರ್ಪೂ ಒಂದೇ ಕೋಲಿನಿಂದ ಅಳೆದುವು. ಇಂಥ ವಿಮರ್ಶಕನು ನಮಗೆ ಉಪಯೋಗಕ್ಕೆ ಬರುತ್ತಾನೆ, ಅವನ ರುಚಿ ನಮ್ಮ ರುಚಿಗೆ ಹೊಂದದಿದ್ದರೂ. ಖಾರ ಮೆಚ್ಚದವನು ‘ಆ ಖಾನಾವಳಿಯಲ್ಲಿ ಖಾರ ಬಹಳ’ ಎಂದರೆ, ಖಾರ ಮೆಚ್ಚುವವನು ಅದನ್ನು ಕೇಳಿಯೇ ಅಲ್ಲಿಗೆ ಹೋಗಬಹುದಲ್ಲವೆ?

ಇನ್ನೂ ಒಂದು ಜೋಡಿಯನ್ನು ನೋಡೋಣ. ನಿಕ್ ಕೋನ್ 1946ರಲ್ಲಿ ಹುಟ್ಟಿದವರು. ‘ರೋಲಿಂಗ್ ಸ್ಟೋನ್’ ಎಂಬ ಪತ್ರಿಕೆಯನ್ನು 1967ರಲ್ಲಿ ಸ್ಥಾಪಿಸಿದವರಲ್ಲೊಬ್ಬರಾದ ಜಾನ್ ವೆನರ್ ಕೂಡ 1946ರವರೇ. ಒಂದೇ ಪ್ರಾಯ, ಒಂದೇ ರಿಕಾರ್ಡು, ಒಂದೇ ತಿಂಗಳು. ಕೋನರಿಗೆ ರಾಕ್ ಸಂಗೀತವೆಂದರೆ ಮೂರು ನಿಮಿಷದ ಒರಟು ಉತ್ಸಾಹ. ಅದು ವಿದ್ವತ್ತಿನ ವೇಷ ಹಾಕಿದರೆ ಸತ್ತಂತೆ. ವೆನರರಿಗೆ ಅದು ಹರೆಯದ ಪಂಥವನ್ನು ದಾಟಿ ಪಶ್ಚಿಮದ ಸಂಗೀತದ ಇತಿಹಾಸವನ್ನೇ ತನ್ನೊಳಕ್ಕೆ ತೆಗೆದುಕೊಳ್ಳಬಲ್ಲ ಕಲೆ; ಡಿಸೆಂಬರ್ 21ರ ಸಂಚಿಕೆಯಲ್ಲಿ ಅವರು ಈ ಮೂವತ್ತು ಹಾಡುಗಳನ್ನು ಹಾಗೆಂದೇ ಹೊಗಳಿದರು. ಗಮನಿಸಬೇಕಾದುದು ಇಷ್ಟು: ರಿಕಾರ್ಡಿನೊಳಗೆ ಏನಿದೆ ಎಂಬುದರಲ್ಲಿ ಅವರಿಗೆ ಹೆಚ್ಚಿನ ಭಿನ್ನಾಭಿಪ್ರಾಯ ಇರಲಿಲ್ಲ. ಹಲವು ಬಗೆಯ ಹಾಡುಗಳಿವೆ, ಹಳೆಯ ಶೈಲಿಗಳ ಅನುಕರಣೆ ಇದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಅದು ಐಶ್ವರ್ಯವೋ ಬರಿಯ ಸಾಮಾನು ಸರಂಜಾಮೋ ಎಂಬಲ್ಲಿ ದಾರಿ ಒಡೆಯುತ್ತದೆ. ಆದುದರಿಂದ ವಿಮರ್ಶೆಯನ್ನು ಓದುವಾಗ ವರ್ಣನೆಯ ಮಾತನ್ನೂ ತೀರ್ಪಿನ ಮಾತನ್ನೂ ಪೆನ್ಸಿಲಿನಿಂದ ಬೇರೆ ಬೇರೆ ಗುರುತು ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ. (ವಾಚನಾಲಯದ ಪತ್ರಿಕೆಗಳ ಮೇಲೆ ಮಾತ್ರ ಬೇಡ.) ವರ್ಣನೆ ಕಡಮೆಯಿದ್ದು ತೀರ್ಪೇ ತುಂಬಿರುವ ಲೇಖನದಿಂದ ಬರೆದವನ ವಿಚಾರ ತಿಳಿಯುತ್ತದೆಯೇ ಹೊರತು ವಸ್ತುವಿನ ವಿಚಾರ ತಿಳಿಯದು.

ಹೊಗಳಿಕೆಗೂ ಇದೇ ಮಾತು. ಪಾಮರರ ಆ ವಿಮರ್ಶೆಯನ್ನು 1969ರ ಜನವರಿಯಲ್ಲಿ ಬಂದ ‘ಯೆಲ್ಲೋ ಸಬ್‌ಮರೀನ್’ ಎಂಬ ಇವರದೇ ಮುಂದಿನ ರಿಕಾರ್ಡಿನ ಇಂಗ್ಲಿಷ್ ಹೊದಿಕೆಯ ಹಿಂಬದಿಗೆ ಅಚ್ಚು ಹಾಕಿದರು. ಒಂದು ರಿಕಾರ್ಡಿನ ಪ್ರಶಂಸೆ ಇನ್ನೊಂದರ ಬೆನ್ನ ಮೇಲೆ! ಅಚ್ಚಾದ ಪ್ರಶಂಸೆಯನ್ನು ಕಂಡಾಗ ಅದು ಯಾವುದರ ಬಗ್ಗೆ ಬರೆದದ್ದು ಎಂದು ಕೇಳುವುದು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅನುಕರಣೆಯ ಆರೋಪವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅದರಲ್ಲಿ ನಿಜವಿದೆ. ಮೊದಲನೆಯ ಹಾಡು ಅಮೆರಿಕದ ಬೀಚ್ ಬಾಯ್ಸ್ ಮೇಳದ ಧಾಟಿಯನ್ನು ರಷ್ಯದ ವಿಷಯಕ್ಕೆ ತೊಡಿಸಿದೆ. ಒಂದು ಹಾಡಿನಲ್ಲಿ ಜಮೈಕಾದ ಲಯ, ಒಂದರಲ್ಲಿ ಕುದುರೆ ಸವಾರರ ಅಮೆರಿಕ, ಒಂದರಲ್ಲಿ ಇಪ್ಪತ್ತರ ದಶಕದ ನಾಟಕಶಾಲೆ, ಒಂದರಲ್ಲಿ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಅರಮನೆ ವಾದ್ಯ. ನಮ್ಮ ಕಂಪನಿ ನಾಟಕಗಳಲ್ಲಿ ಹಿಂದುಸ್ತಾನಿ ಠುಮರಿ, ಕರ್ನಾಟಕ ಕೀರ್ತನೆ, ಲಾವಣಿಯ ಮಟ್ಟು ಎಲ್ಲ ಒಂದೇ ರಾತ್ರಿ ಬರುತ್ತಿದ್ದುದನ್ನು ಹಿರಿಯರು ಹೇಳುವುದುಂಟು. ಬೇರೊಬ್ಬರ ಮಟ್ಟನ್ನು ತೆಗೆದುಕೊಂಡದ್ದು ದೋಷವಲ್ಲ; ತೆಗೆದುಕೊಂಡು ಮಾಡಿದುದೇನು ಎಂಬುದೇ ಪ್ರಶ್ನೆ. ಆ ದೃಷ್ಟಿಯಿಂದ ನಮ್ಮ ಅಭಿಪ್ರಾಯ ಹೇಳುವುದಾದರೆ, ಇಪ್ಪತ್ತರ ದಶಕದ ವೇಷ ಬರಿಯ ವೇಷವಾಗಿಯೇ ಉಳಿದಿದೆ, ಬೀಚ್ ಬಾಯ್ಸ್ ವೇಷದಲ್ಲಿ ಜೀವವಿದೆ. ಮ್ಯಾನ್ ಅವರ ಆಕ್ಷೇಪಣೆ ಮೂವತ್ತಕ್ಕೂ ಸಲ್ಲುವುದಿಲ್ಲ, ಏಳೆಂಟಕ್ಕೆ ಸಲ್ಲುತ್ತದೆ. ಹಾಗೂ ವೇಷವೇ ಇಲ್ಲದ ಹಾಡುಗಳೂ ಇವೆಯಲ್ಲ! ಲೆನನ್ ಹರೆಯದಲ್ಲಿದ್ದಾಗ, 1958ರಲ್ಲಿ, ಅವನ ತಾಯಿ ಜೂಲಿಯಾ ರಸ್ತೆಯಲ್ಲಿ ಕಾರು ಬಡಿದು ತೀರಿಕೊಂಡಳು. ಆಕೆಯ ಹೆಸರಿನ ಹಾಡನ್ನು ಅವನೊಬ್ಬನೇ ಗಿಟಾರು ಹಿಡಿದು ಹಾಡಿದ್ದಾನೆ. ಬೀಟಲ್ಸ್ ಹೆಸರಿನಲ್ಲಿ ಬಂದ ಹಾಡುಗಳಲ್ಲಿ ಲೆನನ್ ಒಬ್ಬನೇ ಇರುವುದು ಇದೊಂದೇ. ಊರಿನಲ್ಲಿ ತಾಯಿಯನ್ನು ಬಿಟ್ಟು ಬಂದವರು ಇದಕ್ಕೆ ಅರ್ಥಕೋಶ ತೆರೆಯಬೇಕಾಗಿಲ್ಲ.

ಎರಡನೆಯ ಆರೋಪ ಉದ್ದದ್ದು. ಇವರ ರಿಕಾರ್ಡುಗಳ ಮೇಲ್ವಿಚಾರಕ ಜಾರ್ಜ್ ಮಾರ್ಟಿನ್ನರೇ, ಎರಡು ತಟ್ಟೆಯ ಬದಲು ಒಂದು ಒಳ್ಳೆಯ ತಟ್ಟೆ ಮಾಡಿದ್ದರೆ ಚೆನ್ನಾಗಿತ್ತು ಎಂದವರು. ಎರಡು ಬೇರೆ ಬೇರೆ ರಿಕಾರ್ಡಾಗಿ ತರಬಹುದಿತ್ತೆಂದು ರಿಂಗೋ ತರುವಾಯ ನಗೆಯಾಡಿದ. ಮೆಕಾರ್ಟ್ನಿಗೆ ಮಾತ್ರ ಈ ಚರ್ಚೆಯೇ ಹಿಡಿಸದು. ಆದದ್ದು ಆಯಿತು, ಚೆನ್ನಾಗಿದೆ, ಬಿಡಿ ಎಂಬ ಧಾಟಿ ಅವನದು. ಮೂವತ್ತರಿಂದ ಹದಿನಾಲ್ಕನ್ನು ಆರಿಸುವ ಆಟ ಇಂದಿಗೂ ಕೇಳುಗರಲ್ಲಿ ನಡೆಯುತ್ತದೆ. ಆಟ ಆಡಿದವರಲ್ಲಿ ಇಬ್ಬರ ಪಟ್ಟಿ ಒಂದೇ ಆಗುವುದು ಅಪರೂಪ. ಒಬ್ಬನು ಮೊದಲು ಕತ್ತರಿಸುವುದನ್ನೇ ಇನ್ನೊಬ್ಬನು ಎದೆಗವಚಿಕೊಳ್ಳುತ್ತಾನೆ.

ಕನ್ನಡದಲ್ಲಿ ಈ ಪ್ರಶ್ನೆಗೆ ನಮ್ಮದೇ ಉದಾಹರಣೆಯುಂಟು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ, ಎಂದರೆ ಈ ರಿಕಾರ್ಡಿಗೆ ಒಂದು ವರ್ಷ ಮುಂಚೆ, ಪ್ರಕಟವಾಯಿತು. ಅದರಲ್ಲಿ ಒಬ್ಬ ನಾಯಕನಿಲ್ಲ, ಕಥೆಯ ಎಳೆಗಳು ಹಲವು, ನಾಯಿಯೂ ಒಂದು ಮುಖ್ಯ ಪಾತ್ರ. ಅಚ್ಚುಕಟ್ಟಾದ ಕಥೆ ಬಯಸುವವನಿಗೆ ಅದು ಕಾಡಿನಲ್ಲಿ ದಾರಿ ತಪ್ಪಿದಂತೆ. ಅದನ್ನು ಕತ್ತರಿಸಿ ನೇರ್ಪಡಿಸಹೊರಟರೆ ಗುತ್ತಿಯನ್ನು ಬಿಡಬೇಕೆ, ಪೀಂಚಲುವನ್ನೆ? 2010ರಲ್ಲಿ ಸಿ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣದಲ್ಲಿ ಇದನ್ನು ಸುಮಾರು ಒಂಬತ್ತು ಗಂಟೆಯ, ರಾತ್ರಿಯಿಡೀ ನಡೆಯುವ ನಾಟಕವಾಗಿ ಆಡಿಸಿದಾಗ ಜನ ಬೆಳಗಿನ ತನಕ ಕುಳಿತು ನೋಡಿದರು. ಬಯಲಾಟ, ಯಕ್ಷಗಾನಗಳಲ್ಲಿ ಬೆಳಗು ಮಾಡಿದ ಜನಕ್ಕೆ ಉದ್ದವು ತಾನಾಗಿಯೇ ದೋಷವೆಂದು ಕಾಣುವುದಿಲ್ಲ. ನಡುವೆ ಒಂದು ಗಳಿಗೆ ತೂಕಡಿಸಿದರೂ ಆಟ ನಮ್ಮ ಸುತ್ತ ಇದ್ದೇ ಇರುತ್ತದೆ. ಆದರೆ ವಾರದ ಕೊನೆಗೆ ಪುಟ ತುಂಬಿಸಬೇಕಾದ ವಿಮರ್ಶಕನಿಗೆ ತೂಕಡಿಸುವ ಸ್ವಾತಂತ್ರ್ಯವಿಲ್ಲ. ತೊಂಬತ್ತಮೂರು ನಿಮಿಷವನ್ನು ಎರಡು ಮೂರು ಸಲ ಕೇಳಿ, ಮೂವತ್ತು ಹಾಡಿನ ಬಗ್ಗೆ ಒಂದು ವಾಕ್ಯದ ತೀರ್ಪು ಕೊಡಬೇಕು. ದೊಡ್ಡ ಕೃತಿಗಳಿಗೆ ಮೊದಲ ವಾರದ ವಿಮರ್ಶೆಯಲ್ಲಿ ಅನ್ಯಾಯವಾಗುವುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ದುಡಿಯುವ ವಾಚಕರಿಗೆ ಇನ್ನೂ ಹತ್ತಿರವಾದ ಒಂದು ವಾದ ಉಳಿದಿದೆ. 1968 ಬಿರುಗಾಳಿಯ ವರ್ಷ. ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಕೊಲೆ, ಮೇ ತಿಂಗಳಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳ ದಂಗೆ ಮತ್ತು ಕಾರ್ಮಿಕರ ಮಹಾ ಮುಷ್ಕರ, ಆಗಸ್ಟಿನಲ್ಲಿ ಪ್ರಾಗ್ ನಗರಕ್ಕೆ ಸೋವಿಯತ್ ಟ್ಯಾಂಕುಗಳು. ಅಂಥ ಸಮಯದಲ್ಲಿ ಲೆನನ್ ಕ್ರಾಂತಿಯ ಮೇಲೆ ಹಾಡು ಕಟ್ಟಿ, ಲೋಕ ಬದಲಾಗಬೇಕೆಂಬುದನ್ನು ಒಪ್ಪುತ್ತಲೇ ಹಿಂಸೆಯ ವಿಷಯಕ್ಕೆ ಹಿಂಜರಿದ. ಆಗಸ್ಟಿನಲ್ಲಿ ಬಂದ ಬಿಡಿ ರಿಕಾರ್ಡಿನಲ್ಲಿ ತನ್ನನ್ನು ಬಿಡಿ ಎಂದು ಸ್ಪಷ್ಟವಾಗಿ ಹಾಡಿದವನು, ಜೋಡಿ ರಿಕಾರ್ಡಿನ ಪಾಠದಲ್ಲಿ ಸೇರಿಸಿಕೊಳ್ಳಿ ಎಂಬುದನ್ನೂ ಬಾಲಕ್ಕೆ ಹಚ್ಚಿದ. ಲಂಡನ್ನಿನ ಎಡಪಂಥೀಯ ಪತ್ರಿಕೆ ‘ಬ್ಲ್ಯಾಕ್ ಡ್ವಾರ್ಫ್’ನಲ್ಲಿ ಜಾನ್ ಹಾಯ್ಲಂಡ್ ಎಂಬ ಲೇಖಕ ಲೆನನ್ನನಿಗೆ ಬಹಿರಂಗ ಪತ್ರ ಬರೆದು, ಜನರ ಕಷ್ಟಕ್ಕೆ ಕಾರಣ ವ್ಯವಸ್ಥೆ, ಅದನ್ನು ನೋಡದೆ ಮನಸ್ಸು ತಿದ್ದಿಕೊಳ್ಳಿ ಎನ್ನುವುದು ಉಳ್ಳವರ ಮಾತು ಎಂದು ಚುಚ್ಚಿದ. 1969ರ ಜನವರಿಯಲ್ಲಿ ಲೆನನ್ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟ: ವ್ಯವಸ್ಥೆಯನ್ನು ಕೆಡವಿದವರ ತಲೆಯೇ ಕೆಟ್ಟಿದ್ದರೆ ಹೊಸದನ್ನು ಕಟ್ಟುವವರು ಯಾರು ಎಂಬುದು ಅವನ ಉತ್ತರದ ತಿರುಳು. ಇತ್ತ ಅಮೆರಿಕದ ಬಲಪಂಥದ ಜಾನ್ ಬರ್ಚ್ ಸೊಸೈಟಿಯವರು ರಷ್ಯದ ಹಾಡನ್ನು ಹಿಡಿದು, ಇವರು ಕಮ್ಯೂನಿಸ್ಟರು ಎಂದರು. ಒಂದೇ ರಿಕಾರ್ಡಿಗೆ ಒಂದು ಕಡೆಯಿಂದ ಉಳ್ಳವರ ಪಕ್ಷಪಾತಿ ಎಂಬ ಬೈಗುಳ, ಇನ್ನೊಂದು ಕಡೆಯಿಂದ ಕೆಂಪು ಬಾವುಟದವರೆಂಬ ಬೈಗುಳ!

ನಮ್ಮ ಮಟ್ಟಿಗೆ ಹಾಯ್ಲಂಡನ ಪತ್ರ ಆ ಕಾಲದ ವಿಮರ್ಶೆಗಳಲ್ಲೆಲ್ಲ ಗಟ್ಟಿಯಾದುದು. ಹಾಡು ಚೆನ್ನಾಗಿದೆಯೇ ಎಂದಷ್ಟೇ ಕೇಳದೆ, ಹಾಡಿದವನು ಯಾರ ಪರವಾಗಿ ನಿಂತಿದ್ದಾನೆ ಎಂದು ಅವನು ಕೇಳಿದ. ಹಾಡಿದವನೂ ಲೇಖನಿ ಹಿಡಿದು ಜವಾಬು ಕೊಡಬೇಕಾಯಿತು. 1971ರಲ್ಲಿ ಲೆನನ್ ಜನರಿಗೆ ಅಧಿಕಾರ ಕೊಡಬೇಕೆಂಬ ಹಾಡನ್ನೇ ಕಟ್ಟಿದನೆಂದರೆ, ಆ ವಾದದ ಮುಳ್ಳು ಒಳಗೇ ಇತ್ತೆಂದು ಊಹಿಸಬಹುದು. ಹಾಗೆಂದು ಹಾಯ್ಲಂಡನ ಪಕ್ಷವೇ ಸರಿಯೆಂದು ಈ ಪಾಠ ಹೇಳುವುದಿಲ್ಲ. ಪ್ರಾಗ್ ನಗರದ ಬೀದಿಯಲ್ಲಿ ಅದೇ ಆಗಸ್ಟಿನಲ್ಲಿ ನಿಂತಿದ್ದವನಿಗೆ ಲೆನನ್ನನ ಹಿಂಜರಿಕೆ ವಿವೇಕವಾಗಿಯೇ ಕಂಡಿರಬಹುದು.

ಕೇಳುಗನು ತಪ್ಪು ತಿಳಿದುಕೊಳ್ಳುವುದಕ್ಕೂ ಒಂದು ಎಲ್ಲೆಯಿದೆ. ಆ ಎಲ್ಲೆ ಮೀರಿದ ದುರಂತವೂ ಈ ರಿಕಾರ್ಡಿಗೆ ಅಂಟಿಕೊಂಡಿದೆ. ‘ಹೆಲ್ಟರ್ ಸ್ಕೆಲ್ಟರ್’ ಎಂಬುದು ಇಂಗ್ಲೆಂಡಿನ ಜಾತ್ರೆಗಳಲ್ಲಿರುವ ಸುರುಳಿ ಜಾರುಬಂಡೆಯ ಹೆಸರು. ಕ್ಯಾಲಿಫೋರ್ನಿಯದ ಚಾರ್ಲ್ಸ್ ಮ್ಯಾನ್ಸನ್ ಎಂಬವನು ಅದರಲ್ಲಿ ಬಿಳಿಯರಿಗೂ ಕರಿಯರಿಗೂ ಆಗಲಿರುವ ಯುದ್ಧದ ಸಂಕೇತವನ್ನು ಕಂಡ. 1969ರ ಆಗಸ್ಟಿನಲ್ಲಿ ಅವನ ಹಿಂಬಾಲಕರು ಏಳು ಜನರನ್ನು ಎರಡು ರಾತ್ರಿಗಳಲ್ಲಿ ಕೊಂದರು. ಈ ಹಾಡುಗಳು ನ್ಯಾಯಾಲಯದ ವಿಚಾರಣೆಯಲ್ಲಿ ಚರ್ಚೆಗೆ ಬಂದುವು. ಹಾಡಿನಲ್ಲಿ ಇಲ್ಲದ್ದನ್ನು ಕೇಳಿದವನ ಹೊಣೆಯನ್ನು ಹಾಡಿದವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಬಹುಕಾಲ ಆ ನೆರಳಿಲ್ಲದೆ ಆ ಹಾಡನ್ನು ಕೇಳುವುದು ಅಮೆರಿಕದವರಿಗೆ ಕಷ್ಟವಾಯಿತು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ವಿಮರ್ಶಕರು ಏನೇ ಹೇಳಲಿ, ರಿಕಾರ್ಡು ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. ಮೇಳ 1970ರಲ್ಲಿ ಒಡೆಯಿತು. ಆ ಬಳಿಕ ಹಿಂತಿರುಗಿ ನೋಡಿದವರಿಗೆ, ಒಡಕಿನ ಗುರುತು ಎಂದು ಅಂದು ದೂರಿದ ಗುಣವೇ, ನಾಲ್ಕು ಮಂದಿ ನಾಲ್ಕು ದಾರಿ ಹಿಡಿದುದೇ, ಇದರ ಸೊಗಸಾಗಿ ಕಾಣತೊಡಗಿತು. 2003ರಲ್ಲಿ ‘ರೋಲಿಂಗ್ ಸ್ಟೋನ್’ ಪ್ರಕಟಿಸಿದ 500 ಶ್ರೇಷ್ಠ ರಿಕಾರ್ಡುಗಳ ಪಟ್ಟಿಯಲ್ಲಿ ಇದಕ್ಕೆ 10ನೆಯ ಸ್ಥಾನ. 2020ರ ಪಟ್ಟಿಯಲ್ಲಿ 29ನೆಯದು. ಹಾಡುಗಳು ಅವೇ; ಮತ ಹಾಕಿದವರು ಬೇರೆ. ಪಟ್ಟಿಗಳ ಬೆಲೆ ಇಷ್ಟೇ ಎಂದು ತಿಳಿಯಬೇಕು. ಇದಕ್ಕಿಂತ ಉಪಯುಕ್ತವಾದುದು 2018ರಲ್ಲಿ ಐವತ್ತರ ನೆನಪಿಗೆ ಜಾರ್ಜ್ ಮಾರ್ಟಿನ್ನರ ಮಗ ಜೈಲ್ಸ್ ಮಾರ್ಟಿನ್ ಹೊರತಂದ ಆವೃತ್ತಿ. ಋಷಿಕೇಶದಿಂದ ಬಂದ ಮೇಲೆ ಹ್ಯಾರಿಸನ್ನನ ಮನೆಯಲ್ಲಿ ಕುಳಿತು ಹಾಡಿಟ್ಟುಕೊಂಡಿದ್ದ ಕರಡುಗಳು ಅದರಲ್ಲಿವೆ. ಜಗಳ ಹುಟ್ಟುವ ಮುಂಚಿನ ನಗು ಅಲ್ಲಿ ಕೇಳಿಬರುತ್ತದೆ. ಸಿಡುಕಿನಿಂದಲೇ ಹುಟ್ಟಿದ ರಿಕಾರ್ಡು ಎಂದು ಐವತ್ತು ವರ್ಷ ಬರೆದವರು ಆ ಕರಡುಗಳನ್ನು ಕೇಳಿದ ಮೇಲೆ ಒಂದೆರಡು ವಾಕ್ಯ ತಿದ್ದಿಕೊಳ್ಳಬೇಕಾಯಿತು.

ಈಗ ಕೇಳುವ ವಿಚಾರ. 1968ರ ಗುಮಾಸ್ತನಂತೆ ನಾವು ಎರಡು ತಟ್ಟೆಗೆ ಹಣ ತೆರಬೇಕಾಗಿಲ್ಲ; ಕೈಯ ಫೋನಿನಲ್ಲಿಯೇ ಸಿಗುತ್ತದೆ. ಇಂಗ್ಲಿಷು ಪೂರ್ತಿ ತಿಳಿಯದೆಂದು ಅಳುಕಬೇಡಿ. ಗುಜರಾತಿ ಅರ್ಧಂಬರ್ಧ ಬಂದರೂ ನವರಾತ್ರಿಯ ಗರಬಾದಲ್ಲಿ ನಮ್ಮ ಕಾಲು ತಾನಾಗಿ ತಾಳ ಹಾಕುವುದಿಲ್ಲವೆ? ಮೊದಲಿನಿಂದ ಕೊನೆಯ ತನಕ ಒಂದೇ ಪಟ್ಟಿಗೆ ಕೇಳುವ ಹಟವೂ ಬೇಡ. ಎರಡನೆಯ ಮುಖದಿಂದ ತೊಡಗುವುದು ಸುಲಭ. ಅಲ್ಲಿ ಕರಿಹಕ್ಕಿ, ಹಂದಿ, ರಕೂನ್ ಎಂಬ ಪ್ರಾಣಿ, ಹೀಗೆ ಮೂರು ಪ್ರಾಣಿಗಳ ಹೆಸರಿನ ಹಾಡುಗಳನ್ನು ಬೇಕೆಂದೇ ಸಾಲಾಗಿ ಜೋಡಿಸಿದ್ದಾರೆ. ಕರಿಹಕ್ಕಿಯ ಹಾಡಿನಲ್ಲಿ ಅಮೆರಿಕದ ಕರಿಯರ ಹಕ್ಕಿನ ಹೋರಾಟ ತನ್ನ ಮನಸ್ಸಿನಲ್ಲಿತ್ತೆಂದು ಮೆಕಾರ್ಟ್ನಿ ಹೇಳಿದ್ದಾನೆ. ಅಲ್ಲಿಂದ ಮುಂದೆ ರಿಂಗೋ ತಾನೊಬ್ಬನೇ ಕಟ್ಟಿದ ಮೊತ್ತಮೊದಲ ಹಾಡು ಬರುತ್ತದೆ, ಕೊನೆಗೆ ‘ಜೂಲಿಯಾ’. ಇನ್ನೊಂದು ದಿನ ಮೂರನೆಯ ಮುಖ: ಜಾರುಬಂಡೆಯ ಗದ್ದಲ ಮುಗಿದೊಡನೆ ಹ್ಯಾರಿಸನ್ನನ ಪಿಸುಮಾತಿನಂಥ ಹಾಡು ಇದೆ, ಫೋನಿನ ಸದ್ದನ್ನು ಏರಿಸದೆ ಕಿವಿಗೊಡಿ. ಕೊನೆಯ ಮುಖದಲ್ಲಿರುವ ‘ರೆವಲ್ಯೂಷನ್ 9’ ಹಾಡಲ್ಲ; ಎಂಟು ನಿಮಿಷಕ್ಕೂ ಮಿಕ್ಕಿ ನಡೆಯುವ ಟೇಪಿನ ತುಣುಕುಗಳ ಜೋಡಣೆ. ಅದನ್ನು ಆಡಂಬರವೆಂದ ಅಲನ್ ಸ್ಮಿತ್ ಸರಿಯೋ ಅಲ್ಲವೋ ನೀವೇ ಹೇಳಬೇಕು, ನಮ್ಮಲ್ಲಿ ಒಮ್ಮತವಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರು ಮಾತ್ರ ಅದನ್ನು ಹಾರಿಸಿ, ಅದರ ಹಿಂದೆಯೇ ಬರುವ, ರಿಂಗೋ ಹಾಡಿರುವ ಜೋಗುಳಕ್ಕೆ ಹೋಗಬಹುದು.